ತಪ್ಪಿಗೆ ದಂಡ ಸರಿ, ದಂಡದಿಂದ ಲಾಭ ಸರಿಯೇ?

ಖಾತೆಯಲ್ಲಿ ದುಡ್ಡು ಸಾಲದೆ ಸಾಲದ ಒಂದು ಕಂತು ವಾಪಸ್ ಹೋಯಿತು ಅಂದುಕೊಳ್ಳಿ. ಅದರಿಂದ ಬ್ಯಾಂಕಿಗೆ ನಿಜಕ್ಕೂ ಎಷ್ಟು ಖರ್ಚಾಯಿತು? ಒಂದು ಕಂಪ್ಯೂಟರ್ ಇನ್ನೊಂದು ಕಂಪ್ಯೂಟರನ್ನು ಕೇಳಿತು, ಅದು ಇಲ್ಲ ಅಂದಿತು, ಗ್ರಾಹಕರಿಗೆ ಒಂದು ಮೆಸೇಜ್ ಹೋಯಿತು. ಆದರೆ ಕಂತು ಕೇಳಿದ ಸಂಸ್ಥೆ ತನ್ನ ಬೌನ್ಸ್ ಚಾರ್ಜ್ ಹಾಕುತ್ತದೆ. ಖಾತೆ ಇರುವ ಬ್ಯಾಂಕ್ ತನ್ನದೊಂದು ಹಾಕುತ್ತದೆ. ಕೆಲವು ದಿನ ಬಿಟ್ಟು ಅದೇ ಕಂತನ್ನು ಮತ್ತೆ ಕೇಳಿ, ಆಗಲೂ ವಾಪಸ್ ಹೋದರೆ ಇನ್ನೊಂದು ಸುತ್ತು ಶುರು. ತಪ್ಪಿದ್ದು ಒಂದೇ ಕಂತು, ಬಿದ್ದ ದಂಡ ಮಾತ್ರ ನಾಲ್ಕು. ಇಷ್ಟೆಲ್ಲ ಆಗುವುದು ಯಾರಿಗೆ? ಆ ವಾರ ಖಾತೆಯಲ್ಲಿ ದುಡ್ಡೇ ಇಲ್ಲದವರಿಗೆ. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ.

ದಂಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಾಲ ಪಡೆದವರು ಗಡುವಿನೊಳಗೆ ಕಟ್ಟಬೇಕು. ಕಟ್ಟದಿದ್ದರೆ ಏನೂ ಆಗುವುದಿಲ್ಲ ಅಂತಾದರೆ ಕೆಲವರು ಬೇಕಂತಲೇ ತಡ ಮಾಡುತ್ತಾರೆ, ಆ ಹೊರೆ ಸರಿಯಾಗಿ ಕಟ್ಟುವವರ ಬಡ್ಡಿಯ ಮೇಲೆ ಬೀಳುತ್ತದೆ. ಇದು ಒಪ್ಪುವಂಥ ಮಾತೇ. ನನ್ನ ಪ್ರಶ್ನೆ ಬೇರೆ. ನಾಳೆಯಿಂದ ಎಲ್ಲ ಗ್ರಾಹಕರೂ ಒಂದು ದಿನವೂ ತಪ್ಪದೆ ಕಟ್ಟಲು ಶುರು ಮಾಡಿದರು ಅಂದುಕೊಳ್ಳೋಣ. ಬ್ಯಾಂಕಿಗೆ ಸಮಾಧಾನ ಆಗುತ್ತದೋ, ಅಥವಾ ಅದರ ಆದಾಯದಲ್ಲಿ ದೊಡ್ಡ ತೂತು ಬೀಳುತ್ತದೋ? ಸಮಾಧಾನ ಆಗುತ್ತದೆ ಅಂತಾದರೆ ಆ ದಂಡ ನ್ಯಾಯದ್ದು. ತೂತು ಬೀಳುತ್ತದೆ ಅಂತಾದರೆ, ನಾವು ತಪ್ಪುವುದೇ ಆ ಬ್ಯಾಂಕಿಗೆ ಬೇಕಾಗಿದೆ ಅಂತ ಅರ್ಥ. ನಮ್ಮ ದುಡ್ಡು ಕಾಯಬೇಕಾದ ಸಂಸ್ಥೆಗೆ ನಮ್ಮ ಎಡವಟ್ಟಿನಿಂದ ಲಾಭ ಬರುವಂತೆ ವ್ಯವಸ್ಥೆ ಕಟ್ಟಿದರೆ ಅದರಲ್ಲಿ ನಂಬಿಕೆ ಹೇಗೆ ಉಳಿಯುತ್ತದೆ?

ಕಾನೂನು ಈ ಪ್ರಶ್ನೆಯನ್ನು ನೂರು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಬಂದಿದೆ. 1914ರಲ್ಲಿ, ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಡನ್‌ಲಪ್ ಟೈರ್ ಕಂಪನಿಯ ಕೇಸು ಬಂತು. ಒಪ್ಪಂದ ಮುರಿದು ಮಾರಿದ ಪ್ರತಿ ಟೈರಿಗೆ 5 ಪೌಂಡ್ ಕೊಡಬೇಕು ಅನ್ನುವ ಷರತ್ತು ಅದರಲ್ಲಿತ್ತು. ಕೇಸಿನಲ್ಲಿ ಕಂಪನಿಯೇ ಗೆದ್ದಿತು. ಆದರೆ ನ್ಯಾಯಮೂರ್ತಿ ಲಾರ್ಡ್ ಡ್ಯೂನೆಡಿನ್ ಅಲ್ಲಿ ಬರೆದ ಅಳತೆಗೋಲು ಉಳಿದುಕೊಂಡಿತು. ತಪ್ಪಿದರೆ ಎಷ್ಟು ನಷ್ಟವಾಗಬಹುದು ಅಂತ ಮೊದಲೇ ಪ್ರಾಮಾಣಿಕವಾಗಿ ಅಂದಾಜು ಮಾಡಿ ಮೊತ್ತ ಬರೆದಿದ್ದರೆ ಅದು ನಡೆಯುತ್ತದೆ. ಸುಮ್ನೆ ಹೆದರಿಸುವುದಕ್ಕೆ ದೊಡ್ಡ ಮೊತ್ತ ಬರೆದಿದ್ದರೆ ಕೋರ್ಟು ಅದನ್ನು ವಸೂಲಿ ಮಾಡಿಕೊಡುವುದಿಲ್ಲ. ಭಾರತದ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುವುದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆ. ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ.

ಈ ಅಳತೆಗೋಲನ್ನು ಬ್ಯಾಂಕಿನ ದಂಡಕ್ಕೆ ಹಿಡಿದರೆ ಏನಾಗುತ್ತದೆ? 2006ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಗ್ರಾಹಕರ ಹಿತ ಕಾಯುತ್ತಿದ್ದ ಸರ್ಕಾರಿ ಸಂಸ್ಥೆ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಕ್ರೆಡಿಟ್ ಕಾರ್ಡ್ ಕಂಪನಿಗಳ ಮೇಲೆ ಅದನ್ನು ಹಿಡಿಯಿತು. ಆಗ ತಡವಾಗಿ ಕಟ್ಟಿದರೆ 20ರಿಂದ 25 ಪೌಂಡ್ ಕೇಳುವುದು ಮಾಮೂಲಿಯಾಗಿತ್ತು. 12 ಪೌಂಡಿಗಿಂತ ಜಾಸ್ತಿ ಹಾಕಿದರೆ ಅನ್ಯಾಯ ಅಂತಲೇ ಭಾವಿಸುತ್ತೇವೆ ಅಂತ ಆ ಸಂಸ್ಥೆ ಹೇಳಿತು. ಕಾರ್ಡ್ ಕಂಪನಿಗಳು 12ಕ್ಕೆ ಇಳಿಸಿದವು. ಹೆಚ್ಚುಕಡಿಮೆ ಅರ್ಧ! ಅದರಿಂದ ಯಾವ ಕಾರ್ಡ್ ಕಂಪನಿಯೂ ಮುಳುಗಲಿಲ್ಲ, ಜನ ಸಾಲ ಕಟ್ಟುವುದನ್ನೂ ನಿಲ್ಲಿಸಲಿಲ್ಲ. ಹಾಗಾದರೆ ಮೊದಲಿನ ಉಳಿದರ್ಧ ಯಾವ ಖರ್ಚಿಗೆ ಹೋಗುತ್ತಿತ್ತು?

ಅದಾದ ಮೇಲೆ ಕೋರ್ಟುಗಳು ಬೇರೆ ದಾರಿ ಹಿಡಿದವು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಂದು ಪಾರ್ಕಿಂಗ್ ಕೇಸಿನಲ್ಲಿ, ಎರಡು ಗಂಟೆಯ ಉಚಿತ ಸಮಯ ಮೀರಿ ಗಾಡಿ ನಿಲ್ಲಿಸಿದ್ದಕ್ಕೆ ಹಾಕಿದ 85 ಪೌಂಡ್ ಸರಿ ಅಂದಿತು. ನಿಜವಾದ ನಷ್ಟ ಎಷ್ಟು ಅನ್ನುವುದೊಂದೇ ಮುಖ್ಯವಲ್ಲ, ದಂಡ ಹಾಕುವವರಿಗೆ ಅದರಲ್ಲಿ ನ್ಯಾಯವಾದ ಹಿತಾಸಕ್ತಿ ಇದೆಯಾ, ಮೊತ್ತ ಅದಕ್ಕೆ ಮೀರಿದ್ದಾ ಅಂತ ನೋಡಬೇಕು ಅನ್ನುವುದು ಹೊಸ ಅಳತೆ. ಮುಂದಿನ ವರ್ಷ ಆಸ್ಟ್ರೇಲಿಯಾದ ಹೈಕೋರ್ಟ್, ಅಲ್ಲಿನ ಅತಿ ದೊಡ್ಡ ಕೋರ್ಟ್ ಅದೇ, ಎಎನ್‌ಝಡ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಲೇಟ್ ಫೀ ಕೇಸಿನಲ್ಲೂ ಹೀಗೇ ಯೋಚಿಸಿತು. ದಂಡ ಮೊದಲು 35 ಡಾಲರ್ ಇತ್ತು, ಆಮೇಲೆ 20 ಆಗಿತ್ತು. ಕೆಳಗಿನ ಕೋರ್ಟಿನಲ್ಲಿ ಒಬ್ಬ ತಜ್ಞರು ಲೆಕ್ಕ ಹಾಕಿ, ಒಬ್ಬರು ತಡವಾಗಿ ಕಟ್ಟಿದ್ದಕ್ಕೆ ಬ್ಯಾಂಕಿಗೆ ಆದ ಖರ್ಚು ಕೆಲವೇ ಡಾಲರ್ ಅಂತ ತೋರಿಸಿದ್ದರು. ಬ್ಯಾಂಕಿನ ಕಡೆಯ ತಜ್ಞರು ಬೇರೆ ಲೆಕ್ಕ ಕೊಟ್ಟರು. ಸಾಲ ಮುಳುಗಬಹುದು ಅಂತ ಎತ್ತಿಡಬೇಕಾದ ಹಣ, ನಿಯಮದ ಪ್ರಕಾರ ಇಟ್ಟುಕೊಳ್ಳಬೇಕಾದ ಬಂಡವಾಳ, ವಸೂಲಿ ವಿಭಾಗದ ಖರ್ಚು, ಇವೆಲ್ಲ ಸೇರಬೇಕು ಅನ್ನುವುದು ಅವರ ವಾದ. ಕೊನೆಗೆ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಬ್ಯಾಂಕಿನ ಪರ ನಿಂತರು.

ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ತಡವಾಗಿ ಕಟ್ಟುವವರಲ್ಲಿ ಕೆಲವರು ಮುಂದೆ ಕಟ್ಟುವುದೇ ಇಲ್ಲ, ಅದರ ಅಪಾಯಕ್ಕೆ ಬ್ಯಾಂಕ್ ದುಡ್ಡು ಎತ್ತಿಡಲೇಬೇಕು. ಆದರೆ ಆ ಅಪಾಯಕ್ಕೆ ಅಂತಲೇ ಕ್ರೆಡಿಟ್ ಕಾರ್ಡಿನ ಬಡ್ಡಿ ಬೇರೆ ಎಷ್ಟೋ ಸಾಲಗಳಿಗಿಂತ ಜಾಸ್ತಿ ಇದೆಯಲ್ಲ? ಒತ್ತೆ ಇಲ್ಲದ ಸಾಲ, ಮುಳುಗುವ ಸಂಭವ ಜಾಸ್ತಿ, ಅದಕ್ಕೇ ಬಡ್ಡಿ ಜಾಸ್ತಿ ಅಂತ ಬ್ಯಾಂಕುಗಳೇ ಹೇಳುತ್ತವೆ. ಒಂದೇ ಅಪಾಯದ ಹೆಸರಿನಲ್ಲಿ ಬಡ್ಡಿಯಲ್ಲೊಮ್ಮೆ, ದಂಡದಲ್ಲೊಮ್ಮೆ ವಸೂಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಒಂದು ದಿನ ತಡವಾಗಿ ಪೂರ್ತಿ ಕಟ್ಟಿದವರೂ ಮೂರು ತಿಂಗಳು ಕೈಗೆ ಸಿಗದವರೂ ಬ್ಯಾಂಕಿಗೆ ಒಂದೇ ಥರದ ಅಪಾಯ ಅಲ್ಲ, ಆದರೂ ಇಂಥ ನಿಗದಿತ ಲೇಟ್ ಫೀ ಇರುವ ಕಡೆ ಇಬ್ಬರಿಗೂ ಮೊದಲ ದಿನ ಬೀಳುವ ದಂಡ ಒಂದೇ.

ಕಾರ್ಡಿನ ಬಡ್ಡಿ ಅಂದಾಗ ಇನ್ನೊಂದು ವಿಷಯ ಹೇಳಲೇಬೇಕು. ದಂಡದ ಪಟ್ಟಿಯಲ್ಲಿ ಇದರ ಹೆಸರೇ ಇರುವುದಿಲ್ಲ. ಬಿಲ್ 100 ಬಂತು, ನೀವು ಗಡುವಿನೊಳಗೆ 95 ಕಟ್ಟಿದಿರಿ, 5 ಉಳಿಯಿತು. ಉಳಿದ 5ಕ್ಕೆ ಬಡ್ಡಿ ಬೀಳುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿ ಅನ್ನುವುದೇ ರದ್ದಾಗುತ್ತದೆ, ಎಲ್ಲ 100ಕ್ಕೂ ಖರೀದಿಸಿದ ದಿನದಿಂದಲೇ ಬಡ್ಡಿ ಹತ್ತುತ್ತದೆ. ಎಷ್ಟೋ ಕಾರ್ಡುಗಳು ನಡೆಯುವುದೇ ಹೀಗೆ. ವರ್ಷಕ್ಕೆ ಶೇ. 40 ಬಡ್ಡಿ, ಖರೀದಿಸಿ 40 ದಿನ ಆಗಿದೆ ಅಂತಿಟ್ಟುಕೊಳ್ಳಿ. 100ಕ್ಕೆ ನಾಲ್ಕಕ್ಕಿಂತ ಜಾಸ್ತಿ ಬಡ್ಡಿ. ಅಂದರೆ ಬಾಕಿ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಬಡ್ಡಿ! ಜೊತೆಗೆ ಹೊಸ ಖರೀದಿಗೂ ಆ ದಿನದಿಂದಲೇ ಬಡ್ಡಿ ಓಡುತ್ತಿರುತ್ತದೆ. ಅಮೆರಿಕ 2009ರ ಕಾರ್ಡ್ ಕಾಯ್ದೆಯಲ್ಲಿ ಇದನ್ನು ತಡೆಯಿತು. ಗಡುವಿನೊಳಗೆ ಕಟ್ಟಿದ ಭಾಗಕ್ಕೆ ಬಡ್ಡಿ ಹಾಕುವಂತಿಲ್ಲ. ಇಷ್ಟು ಸರಳವಾದ ನಿಯಮ ಎಲ್ಲ ಕಡೆ ಯಾಕಿಲ್ಲ ಅನ್ನುವುದು ನನ್ನನ್ನು ಬಹಳ ಕಾಡುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಕೇಸಿಗೆ ಬರೋಣ. 2006-07ರ ಹೊತ್ತಿಗೆ ಬ್ರಿಟನ್ನಿನಲ್ಲಿ ಜನ ತಮ್ಮ ಬ್ಯಾಂಕುಗಳಿಗೆ ಪತ್ರ ಬರೆದು, ಓವರ್‌ಡ್ರಾಫ್ಟ್ ದಂಡ (ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಖರ್ಚು ಮಾಡಿದ್ದಕ್ಕೆ ಹಾಕುವ ದಂಡ) ವಾಪಸ್ ಕೊಡಿ ಅಂತ ಕೇಳಲು ಶುರು ಮಾಡಿದ್ದರು. ಸಾವಿರಾರು ಜನ ಸಣ್ಣ ಕೋರ್ಟುಗಳಿಗೆ ಹೋದರು. ವಿಚಾರಣೆಯ ದಿನ ಬರುವ ಮೊದಲೇ ಬ್ಯಾಂಕುಗಳು ಎಷ್ಟೋ ಜನರಿಗೆ ದುಡ್ಡು ವಾಪಸ್ ಕೊಟ್ಟು ಕೈ ತೊಳೆದುಕೊಂಡವು. ಕೊನೆಗೆ 2007ರಲ್ಲಿ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಮತ್ತು ಎಂಟು ಸಂಸ್ಥೆಗಳ ನಡುವೆ ಒಂದೇ ಪರೀಕ್ಷಾ ಕೇಸು ನಡೆಸುವುದು ಅಂತಾಯಿತು. ಹೈಕೋರ್ಟಿನಲ್ಲಿ, ಆಮೇಲೆ ಮೇಲ್ಮನವಿ ಕೋರ್ಟಿನಲ್ಲಿ, ಈ ದಂಡ ನ್ಯಾಯವೋ ಅಲ್ಲವೋ ಅಂತ ಪರೀಕ್ಷಿಸಬಹುದು ಅಂತ ತೀರ್ಪು ಬಂತು. 2009ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಈ ದಂಡ ಖಾತೆ ಸೇವೆಗೆ ಗ್ರಾಹಕರು ಕೊಡುವ ಬೆಲೆಯ ಒಂದು ಭಾಗ, ಬೆಲೆ ಜಾಸ್ತಿಯಾಯಿತು ಅಂತ, ಕರಾರಿನ ಅನ್ಯಾಯದ ಷರತ್ತುಗಳನ್ನು ತಡೆಯುವ ಗ್ರಾಹಕ ನಿಯಮದಡಿ ಪ್ರಶ್ನೆ ಮಾಡುವಂತಿಲ್ಲ ಅಂದಿತು.

ತುಂಬ ಜನ ಇದನ್ನು ಬ್ಯಾಂಕ್ ದಂಡ ನ್ಯಾಯ ಅಂತ ಕೋರ್ಟ್ ಹೇಳಿದ ಹಾಗೆ ಓದಿಕೊಂಡರು. ಕೋರ್ಟ್ ಹಾಗೆ ಹೇಳಲೇ ಇಲ್ಲ. ನ್ಯಾಯವೋ ಅನ್ಯಾಯವೋ ಅನ್ನುವ ಪ್ರಶ್ನೆಯೇ ನಮ್ಮ ಮುಂದಿಲ್ಲ ಅಂತ ನ್ಯಾಯಮೂರ್ತಿಗಳು ಸ್ಪಷ್ಟವಾಗಿ ಬರೆದರು. ಮತ್ತೆ ಆ ಬೆಲೆಯ ವಾದ ನಿಂತಿದ್ದು ಯಾವುದರ ಮೇಲೆ ಗೊತ್ತಾ? ಸಾಮಾನ್ಯ ಖಾತೆಗಳಿಂದ ಬ್ಯಾಂಕುಗಳಿಗೆ ಬರುವ ಆದಾಯದಲ್ಲಿ ಶೇ. 30ಕ್ಕಿಂತ ಜಾಸ್ತಿ ಇಂಥ ದಂಡಗಳಿಂದಲೇ ಬರುತ್ತಿತ್ತು. ಖಾತೆ ಎಲ್ಲರಿಗೂ ಉಚಿತ. ಆ ಉಚಿತ ಖಾತೆಯ ಖರ್ಚಿನ ದೊಡ್ಡ ಪಾಲನ್ನು ಕೊಡುತ್ತಿದ್ದವರು, ತಿಂಗಳ ಕೊನೆಯಲ್ಲಿ ಖಾತೆ ಖಾಲಿಯಾಗುವವರು. ತುಂಬಿದ ಖಾತೆಯವರಿಗೆ ಪುಕ್ಕಟೆ ಸೇವೆ, ಅದರ ಬಿಲ್ ಬರಿದಾದ ಖಾತೆಯವರಿಗೆ. ಇದನ್ನು ಬ್ಯಾಂಕುಗಳು ಮುಚ್ಚಿಡಲಿಲ್ಲ, ತಮ್ಮ ಪರವಾದ ವಾದವಾಗಿಯೇ ಮುಂದಿಟ್ಟವು. ಓದಿದಾಗ ನನಗೆ ಕೋಪಕ್ಕಿಂತ ಸಂಕಟವೇ ಜಾಸ್ತಿ ಆಯಿತು. ತಪ್ಪು ಮಾಡುವುದು ಅಪರೂಪ, ದಂಡ ಒಂದು ಎಚ್ಚರಿಕೆ ಅಷ್ಟೇ ಅಂತ ಇಷ್ಟು ದಿನ ಹೇಳಿ, ಕೋರ್ಟಿಗೆ ಬಂದಾಗ ಇದೇ ನಮ್ಮ ಆದಾಯದ ಕಂಬ ಅಂದರೆ, ಮೊದಲು ಹೇಳಿದ್ದು ಸುಳ್ಳಾಯಿತಲ್ಲ?

ಆದಾಯ ಅಂತ ಒಮ್ಮೆ ತಲೆಗೆ ಹತ್ತಿದರೆ ಅದನ್ನು ಬೆಳೆಸುವ ದಾರಿಗಳೂ ಹೊಳೆಯುತ್ತವೆ. ಅಮೆರಿಕದಲ್ಲಿ ಇದು ಕೋರ್ಟಿನಲ್ಲೇ ಬಯಲಾಯಿತು. ಖಾತೆಯಲ್ಲಿ 100 ಡಾಲರ್ ಇದೆ. ದಿನವಿಡೀ 10, 15, 20 ಡಾಲರ್ ಖರ್ಚು ಮಾಡಿ ಕೊನೆಗೆ 90 ಡಾಲರ್ ಖರ್ಚು ಮಾಡಿದಿರಿ. ನಡೆದ ಕ್ರಮದಲ್ಲೇ ಲೆಕ್ಕ ಹಾಕಿದರೆ ಕೊನೆಯದು ಮಾತ್ರ ಮಿತಿ ಮೀರುತ್ತದೆ, ಒಂದೇ ದಂಡ. ಅದನ್ನೇ ರಾತ್ರಿ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದರೆ? 90 ಮೊದಲು ಹೋಗುತ್ತದೆ, 10 ಉಳಿಯುತ್ತದೆ, ಮಿಕ್ಕ ಮೂರೂ ಮಿತಿ ಮೀರುತ್ತವೆ. ಮೂರು ದಂಡ. ಖರ್ಚು ಅದೇ, ಗ್ರಾಹಕರೂ ಅವರೇ, ಕ್ರಮ ಮಾತ್ರ ಬದಲಾಗಿದೆ. ವೆಲ್ಸ್ ಫಾರ್ಗೊ ಬ್ಯಾಂಕ್ ಹೀಗೆ ಮಾಡಿದ್ದಕ್ಕೆ 2010ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶ ವಿಲಿಯಂ ಆಲ್ಸಪ್ 20.3 ಕೋಟಿ ಡಾಲರ್ ವಾಪಸ್ ಕೊಡಲು ಆದೇಶಿಸಿದರು. ಮನೆ ಸಾಲದಂಥ ದೊಡ್ಡ ಪಾವತಿಗಳು ಮೊದಲು ಹೋಗಲಿ ಅಂತ ಹೀಗೆ ಮಾಡಿದೆವು ಅನ್ನುವ ವಾದ ಅಲ್ಲಿ ನಿಲ್ಲಲಿಲ್ಲ. ಎಷ್ಟೋ ವರ್ಷ ಮೇಲ್ಮನವಿ ನಡೆದರೂ ಮೊತ್ತ ಉಳಿಯಿತು. ಬೇರೆ ದೊಡ್ಡ ಬ್ಯಾಂಕುಗಳೂ ಇಂಥದ್ದೇ ಕೇಸುಗಳಲ್ಲಿ ದುಡ್ಡು ಕಟ್ಟಿ ರಾಜಿಯಾದವು.

ಅಲ್ಲಿ ಓವರ್‌ಡ್ರಾಫ್ಟ್ ದಂಡ ಸಾಮಾನ್ಯವಾಗಿ 35 ಡಾಲರ್ ಸುತ್ತಮುತ್ತ ಇರುತ್ತಿತ್ತು. 20 ಡಾಲರ್ ಮಿತಿ ಮೀರಿ ಮೂರು ದಿನದಲ್ಲಿ ತುಂಬಿದವರೂ 35 ಕೊಡಬೇಕು. ಇದನ್ನು ಬಡ್ಡಿ ಅಂತ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 21,000 ದಾಟುತ್ತದೆ. ಇಷ್ಟು ಬಡ್ಡಿಗೆ ಸಾಲ ಕೊಡುತ್ತೇನೆ ಅಂತ ಯಾರಾದರೂ ಬೋರ್ಡ್ ಹಾಕಿದರೆ ಪೊಲೀಸರು ಬರುತ್ತಾರೆ.

ಶಿಸ್ತಿನ ಮಾತು ಬಂದೇ ಬರುತ್ತದೆ. ದಂಡ ಇದ್ದರೆ ಜನ ಶಿಸ್ತಿನಿಂದ ಇರುತ್ತಾರೆ ಅನ್ನುವುದು. ದುಡ್ಡಿದ್ದೂ ಮರೆಯುವವರಿಗೆ ಈ ಮಾತು ಸರಿ. ಒಂದು ಸಲ ದಂಡ ಬಿದ್ದರೆ ಮುಂದಿನ ಸಲ ಆಟೋ ಪೇ ಹಾಕಿಕೊಳ್ಳುತ್ತಾರೆ. ಆದರೆ ದುಡ್ಡೇ ಇಲ್ಲದವರಿಗೆ ಶಿಸ್ತು ಕಲಿಸುವುದು ಅಂದರೆ ಏನು? ಸಂಬಳ ನಾಲ್ಕು ದಿನ ತಡವಾಯಿತು, ಕಂತಿನ ದಿನಾಂಕ ಮಾತ್ರ ಅಲ್ಲೇ ಇದೆ. ಅವರು ಎಷ್ಟು ಶಿಸ್ತಿನಿಂದ ಇದ್ದರೂ ಖಾತೆಯಲ್ಲಿ ಇಲ್ಲದ ದುಡ್ಡು ಹುಟ್ಟುವುದಿಲ್ಲ. ಅಂಥವರಿಗೆ ಬಿದ್ದ ದಂಡ ಮುಂದಿನ ತಿಂಗಳ ಕಂತಿನ ದುಡ್ಡನ್ನೇ ತಿನ್ನುತ್ತದೆ. ಆ ತಿಂಗಳೂ ಕಂತು ತಪ್ಪುವ ಸಂಭವ ಜಾಸ್ತಿಯಾಗುತ್ತದೆ. ಮತ್ತೆ ದಂಡ. ಕಟ್ಟಲಿ ಅಂತ ಹಾಕಿದ ದಂಡವೇ ಕಟ್ಟದಂತೆ ಮಾಡುತ್ತದೆ.

ಮಿನಿಮಮ್ ಬ್ಯಾಲೆನ್ಸ್ ದಂಡದಲ್ಲಂತೂ ಸಾಲವೂ ಇಲ್ಲ, ಗಡುವೂ ಇಲ್ಲ. ತನ್ನದೇ ದುಡ್ಡು ಕಡಿಮೆ ಇಟ್ಟಿದ್ದಕ್ಕೆ ಆ ಕಡಿಮೆ ದುಡ್ಡಿನಿಂದಲೇ ಕಡಿತ. ಖಾತೆ ನಡೆಸಲು ಖರ್ಚಿದೆ, ಒಪ್ಪುತ್ತೇನೆ. ಆದರೆ ಕಡಿಮೆ ಇರುವವರಿಂದ ಮಾತ್ರ ವಸೂಲಿ ಮಾಡಿದರೆ ಅದು ಯಾವ ಖರ್ಚಿನ ಹಂಚಿಕೆ? ಭಾರತದ ಸ್ಟೇಟ್ ಬ್ಯಾಂಕ್ 2017ರ ಏಪ್ರಿಲ್‌ನಿಂದ ನವೆಂಬರ್ ತನಕ ಈ ದಂಡದಿಂದ 1,771 ಕೋಟಿ ರೂಪಾಯಿ ಸಂಗ್ರಹಿಸಿತ್ತು. ಅದೇ ವರ್ಷದ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದ ಅದರ ಲಾಭಕ್ಕಿಂತ ಇದು ಜಾಸ್ತಿ. 2020ರಲ್ಲಿ ಅದೇ ಬ್ಯಾಂಕ್ ಉಳಿತಾಯ ಖಾತೆಗಳಿಗೆ ಆ ದಂಡವನ್ನು ಪೂರ್ತಿ ಕೈಬಿಟ್ಟಿತು. ಆಮೇಲೂ ಬ್ಯಾಂಕ್ ಚೆನ್ನಾಗಿಯೇ ನಡೆಯಿತು. ಆದರೆ ಮಿಕ್ಕ ಸರ್ಕಾರಿ ಬ್ಯಾಂಕುಗಳೂ ಸೇರಿ 2024ರ ಮಾರ್ಚ್ ತನಕದ ಐದು ವರ್ಷದಲ್ಲಿ ಸುಮಾರು 8,500 ಕೋಟಿ ರೂಪಾಯಿ ಹೀಗೆ ವಸೂಲಿಯಾಗಿದೆ ಅಂತ ಸರ್ಕಾರವೇ ಲೋಕಸಭೆಗೆ ತಿಳಿಸಿತು.

ನಿಯಮ ಮಾಡುವವರಿಗೆ ಇದೆಲ್ಲ ಅರ್ಥವಾಗಿಲ್ಲ ಅಂತಲ್ಲ. ಭಾರತದ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸಾಲದ ದಂಡದ ಬಗ್ಗೆ ಹೊರಡಿಸಿದ ಸುತ್ತೋಲೆ ಓದಿದಾಗ ನನಗೆ ಬಹಳ ಖುಷಿಯಾಯಿತು. ದಂಡ ಇರುವುದು ಶಿಸ್ತಿಗಾಗಿ, ಆದಾಯ ಹೆಚ್ಚಿಸಿಕೊಳ್ಳುವುದಕ್ಕಲ್ಲ ಅಂತ ಅದರಲ್ಲಿ ನೇರವಾಗಿ ಬರೆದಿದೆ. ದಂಡವನ್ನು ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಆದರೆ ಆ ಸುತ್ತೋಲೆ ಕ್ರೆಡಿಟ್ ಕಾರ್ಡುಗಳಿಗೆ ಅನ್ವಯಿಸುವುದಿಲ್ಲ. ಕಾರ್ಡುಗಳಿಗೆ 2022ರಲ್ಲಿ ಬೇರೆ ನಿರ್ದೇಶನ ಬಂತು. ಗಡುವು ಮುಗಿದು ಮೂರು ದಿನ ದಾಟಿದ ಮೇಲೆ ಮಾತ್ರ ಲೇಟ್ ಫೀ, ಅದೂ ಬಾಕಿ ಉಳಿದ ಮೊತ್ತದ ಲೆಕ್ಕದಲ್ಲಿ. ಬಡ್ಡಿಗೆ ಮಿತಿ ಮಾತ್ರ ಇಲ್ಲ. ಶೇ. 30ಕ್ಕಿಂತ ಜಾಸ್ತಿ ಬಡ್ಡಿ ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲೇ ಹೇಳಿತ್ತು. ಅದನ್ನು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬಡ್ಡಿ ದರ ರಿಸರ್ವ್ ಬ್ಯಾಂಕಿನ ವ್ಯಾಪ್ತಿಗೆ ಬರುವ ವಿಷಯ, ಆಯೋಗದ್ದಲ್ಲ ಅನ್ನುವುದು ಕಾರಣ. ಅಮೆರಿಕದಲ್ಲೂ ಹೀಗೇ ಹಿಂದೆ ಮುಂದೆ ಎಳೆದಾಟ. ದೊಡ್ಡ ಕಾರ್ಡ್ ಕಂಪನಿಗಳ ಲೇಟ್ ಫೀಯನ್ನು 8 ಡಾಲರಿಗೆ ಇಳಿಸುವ ನಿಯಮ 2024ರ ಮಾರ್ಚ್‌ನಲ್ಲಿ ಬಂತು, ಜಾರಿಗೆ ಬರುವ ಮೊದಲೇ ಕೋರ್ಟ್ ತಡೆಯಿತು, 2025ರ ಏಪ್ರಿಲ್‌ನಲ್ಲಿ ರದ್ದಾಯಿತು.

ಒಂದು ದೇಶ ಮಾತ್ರ ಗಟ್ಟಿಯಾಗಿ ಹೆಜ್ಜೆ ಇಟ್ಟಿತು. ಗ್ರಾಹಕರ ಪರ ವಾದ ಕೋರ್ಟಿನಲ್ಲಿ ಸೋತಿದ್ದ ಬ್ರಿಟನ್ನಿನಲ್ಲಿ, 2020ರ ಏಪ್ರಿಲ್‌ನಿಂದ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ ಓವರ್‌ಡ್ರಾಫ್ಟಿಗೆ ಇದ್ದ ನಿಗದಿತ ದಂಡಗಳನ್ನು ನಿಲ್ಲಿಸಿತು. ಬ್ಯಾಂಕುಗಳು ಒಂದೇ ಬಡ್ಡಿ ದರ ಹೇಳಬೇಕು, ಮೊದಲೇ ಒಪ್ಪಿಗೆ ಪಡೆಯದೆ ಮಿತಿ ಮೀರಿದವರಿಗೆ ಅದಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಬ್ಯಾಂಕುಗಳು ಏನು ಮಾಡಿದವು? ಹೆಚ್ಚಿನವು ಬಡ್ಡಿಯನ್ನು ಶೇ. 40ರ ಹತ್ತಿರಕ್ಕೆ ಏರಿಸಿದವು. ನೋಡಿ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ ಅಂತ ದಂಡದ ಪರ ಇರುವವರು ಹೇಳಿದರು. ಅದರಲ್ಲಿ ಸತ್ಯ ಇದೆ. ಒಪ್ಪಿಗೆ ಪಡೆದು ವರ್ಷವಿಡೀ ದೊಡ್ಡ ಮೊತ್ತ ಓವರ್‌ಡ್ರಾಫ್ಟಿನಲ್ಲಿ ಇಟ್ಟುಕೊಂಡಿದ್ದ ಎಷ್ಟೋ ಜನರಿಗೆ ಖರ್ಚು ಏರಿತು. ಆದರೂ ನಾನು ಈ ಬದಲಾವಣೆಯ ಪರ. 20 ಪೌಂಡ್ ಮಿತಿ ಮೀರಿ ಮೂರು ದಿನದಲ್ಲಿ ತುಂಬಿದವರಿಗೆ ಶೇ. 40ರಲ್ಲೂ ಆಗುವ ಬಡ್ಡಿ ಸುಮಾರು 7 ಪೆನ್ಸ್. ತೆಗೆದುಕೊಂಡಿದ್ದು ಎಷ್ಟು, ಎಷ್ಟು ದಿನ, ಅದಕ್ಕೆ ತಕ್ಕಷ್ಟು ಕೊಡುತ್ತೀರಿ. ಶೇ. 40 ಅನ್ನುವ ದೊಡ್ಡ ಸಂಖ್ಯೆ ಕಣ್ಣಿಗೆ ಕಾಣುತ್ತದೆ, ಬೇರೆ ಬ್ಯಾಂಕಿನ ಜೊತೆ ಹೋಲಿಸಬಹುದು, ಜಾಸ್ತಿಯಾಯಿತು ಅಂತ ಜಗಳ ಮಾಡಬಹುದು. ಕರಾರಿನ ಹದಿನೇಳನೇ ಪುಟದಲ್ಲಿ ಕೂತಿರುವ ದಂಡದ ಜೊತೆ ಯಾರು ಹೇಗೆ ಜಗಳ ಮಾಡುತ್ತಾರೆ?

ಹಾಗಾಗಿ ದಂಡ ನ್ಯಾಯವೇ ಅಂತ ನನ್ನನ್ನು ಕೇಳಿದರೆ, ನಾನು ಕೆಲವು ವಿಷಯ ನೋಡುತ್ತೇನೆ. ಬಾಕಿ ಎಷ್ಟಿತ್ತೋ, ಎಷ್ಟು ದಿನ ತಡವಾಯಿತೋ, ಅದಕ್ಕೆ ತಕ್ಕಂತೆ ದಂಡ ಇದೆಯಾ? ಒಂದು ತಪ್ಪಿಗೆ ಒಂದೇ ಸಲ ಬೀಳುತ್ತದಾ? ಬೀಳುವ ಮೊದಲು ಸರಿ ಮಾಡಿಕೊಳ್ಳಲು ಸಮಯ ಕೊಟ್ಟರಾ? ಈ ಕಾಲದಲ್ಲಿ ಸಾಲದ ಆಫರ್ ಕಳಿಸಲು ದಿನಕ್ಕೆ ಎರಡು ಮೆಸೇಜ್ ಮಾಡುವ ಬ್ಯಾಂಕಿಗೆ, ನಾಳೆ ಕಂತು ಇದೆ, ಖಾತೆಯಲ್ಲಿ ಇಷ್ಟು ಕಡಿಮೆ ಇದೆ, ಸಂಜೆಯೊಳಗೆ ತುಂಬಿದರೆ ದಂಡ ಇಲ್ಲ ಅಂತ ಒಂದು ಮೆಸೇಜ್ ಕಳಿಸಲು ಕಷ್ಟವೇ ಇಲ್ಲ. ಕಂತಿನ ದಿನಾಂಕವನ್ನು ಸಂಬಳದ ದಿನಾಂಕದ ನಂತರಕ್ಕೆ ಬದಲಿಸಿಕೊಡಿ ಅಂದರೆ ಬದಲಿಸಿಕೊಡಬಹುದು. ವರ್ಷದಲ್ಲಿ ಆರು ಸಲ ದಂಡ ಕಟ್ಟಿದ ಗ್ರಾಹಕರು ಯಾರು ಅಂತ ಬ್ಯಾಂಕಿನ ಕಂಪ್ಯೂಟರಿಗೆ ಗೊತ್ತು. ಏಳನೇ ದಂಡ ಹಾಕುವ ಮೊದಲು ಅವರಿಗೆ ಫೋನ್ ಮಾಡಿ, ಏನು ತೊಂದರೆ ಅಂತ ಕೇಳಬಹುದು.

ಇದಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಪ್ರತಿ ಬ್ಯಾಂಕೂ ವರ್ಷಕ್ಕೊಮ್ಮೆ, ಯಾವ ದಂಡದಿಂದ ಎಷ್ಟು ಬಂತು, ಎಷ್ಟು ಗ್ರಾಹಕರಿಂದ ಬಂತು, ಒಬ್ಬರೇ ಎಷ್ಟು ಸಲ ಕಟ್ಟಿದರು, ಆ ತಪ್ಪುಗಳನ್ನು ಸರಿಪಡಿಸಲು ತನಗೆ ಎಷ್ಟು ಖರ್ಚಾಯಿತು ಅಂತ ಪ್ರಕಟಿಸಬೇಕು. ಈಗ ಈ ಲೆಕ್ಕ ಹೊರಗೆ ಬರುವುದು ಸಂಸತ್ತಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದಾಗ, ಇಲ್ಲವೇ ವರ್ಷಗಟ್ಟಲೆ ಕೇಸು ನಡೆದಾಗ. ಖರ್ಚಿಗೆ ತಕ್ಕಂತೆಯೇ ದಂಡ ಹಾಕುತ್ತಿದ್ದೇವೆ ಅನ್ನುವ ಬ್ಯಾಂಕಿಗೆ ಆ ಲೆಕ್ಕ ತೋರಿಸಲು ಏನೂ ಅಡ್ಡಿ ಇರಬಾರದು.